ಮೈಕ್ ಹಿಡಿದ ಸುಹೈಬ್

ಪುತ್ತಿಗೆಯ ಸುಹೈಬನಿಗೆ ದೇವರು ಧಾರಾಳವಾಗಿ ಕೊಟ್ಟದ್ದು ಗಂಟಲೊಂದೇ. ವಾಲಿಬಾಲ್ ಪಂದ್ಯಾಟಗಳಲ್ಲಿ ದಾನಿಗಳ ಹೆಸರು ಕೂಗಿ ಕೂಗಿ ಅದು ಚೆನ್ನಾಗಿ ಪಳಗಿತ್ತು. ೧೯೯೮ರ ಆ ಮಂಗಳವಾರ ಅದೇ ಅವನಿಗೆ ಮುಳುವಾಯಿತು.

ಮೂಡುಬಿದಿರೆಯ ಕಾಲೇಜಿನಲ್ಲಿ ಫೀಸು ಕಟ್ಟಲು ಅಂದು ಮಧ್ಯಾಹ್ನ ಒಂದು ಗಂಟೆಯೇ ಕೊನೆ. ತಪ್ಪಿದರೆ ದಂಡ. ದಂಡವೆಂದು ಇನ್ನೊಮ್ಮೆ ಕೈಯೊಡ್ಡಿದರೆ ಅಪ್ಪ ಓದು ಬಿಡಿಸಿ ಒಣಮೀನಿನ ಅಂಗಡಿಯಲ್ಲಿ ಕೂರಿಸುವುದು ಖಂಡಿತ.

ಗೇಟು ದಾಟುವಷ್ಟರಲ್ಲಿ ವಿದ್ಯಾರ್ಥಿ ಮುಖಂಡ ಅಶೋಕ ಅಡ್ಡ ಬಂದ.

"ಎಲ್ಲಿಗೆ ಮಾರಾಯ? ಫೀಸು ಇಳಿಸಲಿಕ್ಕೆ ಇವತ್ತು ಸ್ಟ್ರೈಕ್ ಉಂಟು. ಮೈಕ್ ನೀನು ಹಿಡಿ."

"ನಾನು ಫೀಸು ಕಟ್ಟಲಿಕ್ಕೆ ಬಂದದ್ದು..."

"ಏರಿಸಿದ ಫೀಸು ಕಟ್ಟುವುದಾ? ನಾಚಿಕೆ ಆಗುವುದಿಲ್ವಾ ನಿನಗೆ?"

ಹತ್ತು ಜನರ ಎದುರು ಕೇಳಿದ್ದರಿಂದ ನಾಚಿಕೆಯಾಯಿತು. ಫೀಸಿನ ಕೌಂಟರಿಗೆ ಅಡ್ಡಲಾಗಿ ಬೆಂಚು ಇಟ್ಟು ಅವನನ್ನು ಹತ್ತಿಸಿದರು. ಒಳಗಿದ್ದ ಗುಮಾಸ್ತ ಶಂಭು ಕಿಟಕಿ ಹಾಕಿಕೊಂಡ. ಸುಹೈಬ್ ಒಂದು ಕಣ್ಣು ಗಡಿಯಾರದ ಮೇಲಿಟ್ಟು ಎರಡು ಗಂಟೆ ಧಿಕ್ಕಾರ ಕೂಗಿದ.

ಕೊನೆಗೆ ಪ್ರಾಂಶುಪಾಲರು ಹೊರಬಂದರು. ಫೀಸಿನಲ್ಲಿ ಐವತ್ತು ರೂಪಾಯಿ ಇಳಿಸಬೇಕೆಂಬ ಮನವಿಯನ್ನು ಸುಹೈಬ್ ಓದಬೇಕಿತ್ತು. ಆದರೆ ದೊಡ್ಡವರನ್ನು ಕಂಡದ್ದೇ ಅವನ ನಾಲಗೆ ಪಂದ್ಯಾಟದ ಚಾಳಿಗೆ ಬಿತ್ತು.

"ಆತ್ಮೀಯರೇ, ಪ್ರತಿ ವಿದ್ಯಾರ್ಥಿಗೂ ಐವತ್ತು ರೂಪಾಯಿ ಕಡಿತವನ್ನು ಉದಾರವಾಗಿ ನೀಡಿದ ಮಾನ್ಯ ಪ್ರಾಂಶುಪಾಲರಿಗೆ ತುಂಬು ಹೃದಯದ ಕೃತಜ್ಞತೆಗಳು!"

ಪ್ರಾಂಶುಪಾಲರು ಇನ್ನೂ ಬಾಯಿಯೇ ತೆರೆದಿರಲಿಲ್ಲ. ಅಷ್ಟರಲ್ಲಿ ಚಪ್ಪಾಳೆ ಬಿದ್ದಾಗಿತ್ತು. ಮೈಕಿನಲ್ಲಿ ಹೆಸರು ಹೇಳಿದ ಮೇಲೆ ಇಲ್ಲವೆಂದ ದಾನಿ ಆ ಊರಿನಲ್ಲಿ ಹುಟ್ಟಿಲ್ಲ. ಅವರು ಬೆವರು ಒರೆಸಿಕೊಂಡು ಕೈಮುಗಿದರು.

ಹುಡುಗರು ಸುಹೈಬನನ್ನು ಹೆಗಲ ಮೇಲೆ ಹೊತ್ತು ಅಂಗಳವಿಡೀ ಮೂರು ಸುತ್ತು ಹಾಕಿದರು. ಇಳಿದವನೇ ಕೌಂಟರಿಗೆ ಓಡಿದ.

"ಶಂಭಣ್ಣ, ಐವತ್ತು ಕಮ್ಮಿ ಮಾಡಿ ತಕೊಳ್ಳಿ."

"ಒಂದೂಕಾಲು ಆಯಿತಲ್ಲ? ಇನ್ನು ನಾಳೆ. ದಿನಕ್ಕೆ ಐವತ್ತು ದಂಡ."

"ನೀವು ಕಿಟಕಿ ಮುಚ್ಚಿದ್ರಲ್ಲ!"

"ಎದುರು ನಿಂತು ಬೊಬ್ಬೆ ಹೊಡೆದದ್ದು ಯಾರು?"

"ಹಾಗಾದ್ರೆ ಉಳಿದವರಿಗೂ ದಂಡ ಉಂಟಲ್ಲ?"

"ಅವರೆಲ್ಲ ನಿನ್ನೆಯೇ ಕಟ್ಟಿದ್ದಾರೆ. ಮೊದಲು ಕಟ್ಟಿದವ ಅಶೋಕ. ಅವರಿಗೆ ಐವತ್ತು ವಾಪಸು ಸಿಗ್ತದೆ."

ಸುಹೈಬನ ಮೂಗಿಗೆ ಒಣಮೀನಿನ ವಾಸನೆ ಬಡಿದಂತಾಯಿತು. ಹಿಂದಿನಿಂದ ಅಶೋಕ ಬಂದು ಹೆಗಲ ಮೇಲೆ ಕೈಯಿಟ್ಟ.

"ಹೆದರಬೇಡ ಮಾರಾಯ, ನಾವಿಲ್ವಾ? ನಾಳೆಯಿಂದ ಈ ದಂಡದ ವಿರುದ್ಧ ಸ್ಟ್ರೈಕ್ ಮಾಡುವ. ಒಂದು ವಾರ ಕೌಂಟರ್ ತೆರೆಯಲಿಕ್ಕೇ ಬಿಡುವುದು ಬೇಡ. ಮೈಕ್ ನೀನೇ ಹಿಡಿ."