ಡೊಂಕ ಪೂಲಿಗೆ ಊರ ಮಂದಿ ಅಂದದ್ದು

ಮನಿ ಕಟ್ಟಿದ್ರ ಬೀಗರಷ್ಟೇ ಕೊಂಕು ತಗದು ಹೆಸರಿಡ್ತಾರ, ಊರಾಗ ಹಳ್ಳಕ್ಕೊಂದು ಪೂಲು ಕಟ್ಟಿದ್ರ ಇಡೀ ಊರೇ ಬೀಗರಾಗ್ತದ. ಇದು ನನ್ನ ಅನುಭವದ ಮಾತು. ಒಂದು ಪೂಲು ಕಟ್ಟಿ ನಾ ಕೇಳಿದಷ್ಟು ಮಾತು, ಹತ್ತು ಹೆಣ್ಣು ಕೊಟ್ಟಾಂವ ಸೈತ ಕೇಳಿರಲಿಕ್ಕಿಲ್ಲ.

ಆವಾಗ ತೊಂಬತ್ತರ ದಶಕ ಮುಗೀಲಿಕ್ಕ ಬಂದಿತ್ತು. ನಾ ನಮ್ಮೂರು ಶಹಾಬಾದದಾಗ ಜೂನಿಯರ್ ಇಂಜಿನಿಯರ್ ಇದ್ದೆ. ಬಜಾರ ಕಡಿಗೂ ಸ್ಟೇಶನ್ ಕಡಿಗೂ ನಡುವ ಒಂದು ಹಳ್ಳ. ಮಳಿ ಬಂತಂದ್ರ ಮಂದಿ ದೊಡ್ಡ ಸುತ್ತು ಹಾಕಿ ಹೋಗಬೇಕು. ಅದಕ್ಕ ನಡದಾಡೋರ ಸಲುವಾಗಿ ಒಂದು ಪೂಲು ಮಂಜೂರಾತು. ಆದ್ರ ಈ ದಂಡಿ ಗಲ್ಲಿಯಿಂದ ನೆಟ್ಟಗ ಗೆರಿ ಎಳದ್ರ ಅದು ಆ ದಂಡಿಗೆ ಒಬ್ಬ ಅಜ್ಜಿ ಅಡಗಿ ಮನ್ಯಾಗ ಹೋಗಿ ಇಳೀತಿತ್ತು. ಪಾಪ, ಮಂದಿ ಅಡಗಿ ಮನಿ ಯಾಕ ಒಡೀಬೇಕಂತ ನಾ ಪೂಲನ್ನ ನಟ್ಟ ನಡುವ ಬಗ್ಗಿಸಿದೆ, ಮೊಳಕೈ ಬಗ್ಗಿಸಿದಂಗ. ಬಗ್ಗಿದ ಜಾಗಾದಾಗ ಕೂಡಲಿಕ್ಕ ಎರಡೂ ಬಾಜೂ ಕಲ್ಲಿನ ಕಟ್ಟಿ ಹಾಕಿಸಿದೆ.

ಕಲಬುರ್ಗಿ ದೊಡ್ಡ ಸಾಹೇಬ್ರು ನಕ್ಷೆ ಹಿಂದ ಮುಂದ ತಿರುವಿ ನೋಡಿದ್ರು. "ಸಹಿ ಹಾಕ್ತೀನಿ. ಆದ್ರ ಮಂದಿಗೆ ಹಿಡಸಲಿಲ್ಲಂದ್ರ ಪೂಲೂ ಕೆಡವತೀನಿ, ನಿನ್ನನೂ ಚಿಂಚೋಳಿ ಕಾಡಿನ ಕಡಿ ಒಗೀತೀನಿ" ಅಂದ್ರು. ಚಿಂಚೋಳಿ ಕಡಿ ಕೆಲಸ ಮಾಡಿ ಮಾಡಿ ಸಾಕಾಗಿ ಆಗಷ್ಟೇ ನಾ ಊರಿಗೆ ಬಂದಿದ್ದೆ. ನನ್ನ ಹೆಂಡತಿಗೆ ಇಲ್ಲೇ ಶಾಲಿಯೊಳಗ ಟೀಚರ್ ಕೆಲಸ ಸಿಕ್ಕಿತ್ತು. ಅವ್ವನೂ ನನ್ನ ಸಂಗಡನೇ ಇದ್ಳು. ಮತ್ತ ಗಂಟು ಮೂಟಿ ಕಟ್ಟೋದಂದ್ರ ನನಗ ಜೀವಾನೇ ಹೋದಂಗಾಗ್ತಿತ್ತು.

ಮಡಚಿದ ನಕ್ಷೆ

ಕಂಬ ಏಳಲಿಕತ್ತವು ಅನ್ನೂದ್ರಾಗ ಊರಿಗೆ ಗೊತ್ತಾತು, ಇದು ನೆಟ್ಟಗ ಹೋಗಂಗಿಲ್ಲಂತ. ನಮ್ಮೂರಾಗ ಒಬ್ಬರು ಮಾಸ್ತರ್ರಿದ್ರು, ರಿಟೈರ್ ಆದವರು. ಅರ್ಧ ಊರಿಗೆ ಲೆಕ್ಕ ಕಲಿಸಿದವರು, ನನಗೂ ಸೇರಿ. ದಿನಾ ಮುಂಜಾನಿ ಛತ್ರಿ ಊರಕೋತ ಬರೋರು, ನಿಂತು ನೋಡೋರು, ಬೈದು ಹೋಗೋರು.

"ಏ ಇಂಜಿನೇರಾ, ನಕ್ಷೆ ಕಿಸೆದಾಗ ಮಡಚಿ ಇಟ್ಟಿದ್ದೇನು? ಮಡಿಕಿ ಬಿದ್ದದ್ದೂ ಕಟ್ಟೇಬಿಟ್ಟೀಯಲ್ಲ!"

ಪಾನ್ ಅಂಗಡಿಯಾಂವ ಬ್ಯಾರೇನೇ ಕಥಿ ಹಬ್ಬಿಸಿದ್ದ. ಇಬ್ಬರು ಗುತ್ತೇದಾರರು ಎರಡೂ ದಂಡಿಯಿಂದ ಕಟಗೋತ ಬಂದ್ರಂತ, ನಡುವ ಬಂದು ನೋಡ್ತಾರ, ಎರಡೂ ತುದಿ ಕೂಡಿಲ್ಲಂತ, ಅದಕ್ಕ ಹಿಂಗ ಡೊಂಕ ಮಾಡಿ ಜೋಡಿಸ್ಯಾರಂತ.

ಹೋಗ್ಲಿ, ಯಾರು ಬೈದ್ರೂ ಆ ಅಡಗಿ ಮನಿ ಅಜ್ಜಿ ಒಬ್ಬಾಕಿ ಹರಸ್ತಾಳಂತ ನಾ ಆಕಿ ಮನಿಗೆ ಹೋದೆ. "ಅಜ್ಜಿ, ನಿಮ್ಮ ಅಡಗಿ ಮನಿ ಉಳಿಸೀನಿ ನೋಡ್ರಿ" ಅಂದೆ. ಆಕಿ ಸೌಟು ಹಿಡಕೊಂಡು ಹೊರಗ ಬಂದ್ಳು.

"ನೀ ಏನು ಅದನ್ನ ಉಳಿಸಿದಾಂವ? ನಲವತ್ತು ವರ್ಷದ ಹೊಗಿ ಹಿಡದು ಕರ್ರಗಾಗ್ಯಾದ. ಸರ್ಕಾರ ಒಡದ್ರ ಹೊಸಾದು ಆಗ್ತದಂತ ದೇವರಿಗೆ ಹರಕಿ ಹೊತ್ತಿದ್ದೆ. ನಡುವ ನೀ ಬಂದು ಕೆಡಿಸಿಬಿಟ್ಟಿ!"

ಫರಸಿ ಮ್ಯಾಲ ಚಪ್ಪಲಿ

ಪೂಲಿನ ಮ್ಯಾಲ ಹಾಸಲಿಕ್ಕ ಊರ ಫರಸಿ ಕಲ್ಲೇ ಬೇಕಂತ ನಾ ಕಲ್ಲು ಪಾಲಿಶ್ ಮಾಡೋ ಅಂಗಳದ ಒಬ್ಬ ಮಾಲಕನ ಕಡಿ ಹೋದೆ. ಅಂವ ಭಾಳ ಅಭಿಮಾನಿ. "ಊರ ಪೂಲ್ರಿ ಸಾಹೇಬ್ರ, ಹರಕು ಮುರಕು ಕಲ್ಲು ಹ್ಯಾಂಗ ಕೊಡ್ಲಿ?" ಅಂತ ಮನಿ ಪಡಸಾಲಿಗೆ ಹಾಕೋ ನುಣ್ಣನ ಫರಸಿ ಕಳಿಸಿದ. ಮಾರಿ ಕಾಣೂವಂಗಿತ್ತು.

ತೆಂಗಿನಕಾಯಿ ಒಡದು ಪೂಲು ಮಂದಿಗೆ ಬಿಟ್ಟೆವು. ಎಲ್ಲಾರ ಮುಂದಿದ್ದ ಹೆಣ್ಮಗಳು ಬುಟ್ಟಿ ಹೊತ್ಕೊಂಡು ಬಂದಾಕಿ ದಂಡಿಗೆ ಚಪ್ಪಲಿ ಬಿಟ್ಟು ಪೂಲು ಏರಿದ್ಳು. ಹಿಂದಿನವರೂ ಬಿಟ್ರು. ಪೂಜಿ ಆದ ದಿನ, ಭಕ್ತಿ ಇರ್ತದ ಅಂತ ನಾ ಸುಮ್ಮನಿದ್ದೆ. ಮರುದಿನ ನೋಡ್ತೀನಿ, ಎರಡೂ ದಂಡಿಗೆ ಚಪ್ಪಲಿ ರಾಶಿ. ಬಜಾರ ಕಡಿ ಮಂದಿ ಇಲ್ಲಿ ಬಿಡ್ತಾರ, ಸ್ಟೇಶನ್ ಕಡಿ ಮಂದಿ ಅಲ್ಲಿ ಬಿಡ್ತಾರ. ಇಳದ ಮ್ಯಾಲ ಬರಿಗಾಲು, ಮ್ಯಾಲ ನಮ್ಮ ಕಡಿ ಬಿಸಲು! ಮಂದಿ ಟುಣು ಟುಣು ಜಿಗೀಲಿಕತ್ರು.

ಒಬ್ಬಾಕಿ ಹಿರಿಯಾಕಿಗೆ ಕೇಳಿದೆ, "ಯಾಕವ್ವಾ, ಇದು ಪೂಲು, ಗುಡಿ ಅಲ್ಲ. ಚಪ್ಪಲಿ ಯಾಕ ಬಿಡ್ತಿ?"

"ಪಾಲಿಶ್ ಫರಸಿ ಮ್ಯಾಲ ಚಪ್ಪಲಿ ಮೆಟ್ಟಿ ಅಡ್ಡಾಡಲಿಕ್ಕ ನಮಗೇನು ಮನಿ ಮಠ ಇಲ್ಲೇನೋ?" ಅಂದ್ಳು.

ಆಕಿ ಹೇಳಿದ್ದು ಖರೇನೇ. ನಮ್ಮ ಕಡಿ ನುಣ್ಣನ ಫರಸಿ ಕಂಡ ಕೂಡ್ಲೇ ಕಾಲು ತಾನಾಗೇ ಚಪ್ಪಲಿ ಬಿಡ್ತಾವ. ಶಾಣ್ಯಾ ಮಂದಿ ಆಮ್ಯಾಲ ಒಂದು ಉಪಾಯ ಹುಡುಕಿದ್ರು. ಈ ಕಡಿ ತಮ್ಮವು ಬಿಡೋದು, ಆ ಕಡಿ ಇಳದು ಕಾಲಿಗೆ ಹಿಡಸಿದವು ಹಾಕ್ಕೊಂಡು ಹೋಗೋದು. ಸಂಜೀ ಅನ್ನೂದ್ರಾಗ ಬಜಾರದ ಚಪ್ಪಲಿ ಎಲ್ಲಾ ಸ್ಟೇಶನ್ ಕಡಿ, ಸ್ಟೇಶನ್ ಚಪ್ಪಲಿ ಎಲ್ಲಾ ಬಜಾರ ಕಡಿ.

ಕಡೀಕ ಕಲ್ಲಿನವರನ್ನ ಕರಸಿ ಫರಸಿ ಮ್ಯಾಲ ಉಳಿಯಿಂದ ಗೀರು ಹಾಕಿಸಿದೆ. ಕಲ್ಲು ಒರಟಾತು, ಮಂದಿ ಚಪ್ಪಲಿ ಹಾಕ್ಕೊಂಡ್ರು. ಉಸ್ಸಂತ ಕುಂತೆ. ಅಷ್ಟ್ರಾಗ ಒಬ್ಬ ಬಂದ.

"ಸಾಹೇಬ್ರ, ನಿಮ್ಮ ಪೂಲಿನ ಮ್ಯಾಲ ನನ್ನ ಚಪ್ಪಲಿ ಹೋಗ್ಯಾವ."

"ಕಾಲಾಗ ಹೊಚ್ಚ ಹೊಸಾವು ಅವಲ್ಲೋ ಮಾರಾಯಾ?"

"ಇವು ಸಿಕ್ಕಾವ್ರಿ. ಅವು ಹೋಗ್ಯಾವ. ಸಿಕ್ಕದ್ದಕ್ಕ ನಾ ಏನೂ ಅನ್ನಂಗಿಲ್ಲ, ಹೋದದ್ದಕ್ಕ ನೀವು ಏನರೆ ಮಾಡ್ರಿ."

ಬೀಗರನ್ನ ಎದುರುಗೊಳ್ಳೋದು

ಬಜಾರ ಕಡಿ ಹೆಣ್ಣು, ಸ್ಟೇಶನ್ ಕಡಿ ಗಂಡು, ಹಿಂಗೊಂದು ಮದವಿ ಕೂಡಿ ಬಂತು. ಹೆಣ್ಣಿನವರು ಸೀಮಿ ತನಕ ಹೋಗಿ ಗಂಡಿನವರನ್ನ ಎದುರುಗೊಂಡು ಕರಕೊಂಡು ಬರೋದು ಪದ್ಧತಿ. ಮೊದಲು ಹಳ್ಳನೇ ಸೀಮಿ ಇತ್ತು, ತಕರಾರಿದ್ದಿಲ್ಲ. ಈಗ ಹಳ್ಳದ ಮ್ಯಾಲ ಪೂಲು ಬಂದು ಕುಂತದ, ಸೀಮಿ ಎಲ್ಲಿ?

ಗಂಡಿನವರು ತಮ್ಮ ದಂಡಿಗೆ ನಿಂತ್ರು. "ಪೂಲು ದಾಟಿ ಬಂದು ಕರೀರಿ" ಅಂದ್ರು. ಹೆಣ್ಣಿನವರು ತಮ್ಮ ದಂಡಿಗೆ ನಿಂತ್ರು. "ಪೂಲು ನಮ್ಮ ಗಲ್ಲಿಯಿಂದ ಸುರು ಆಗ್ತದ, ಏರಿ ಬರ್ರಿ" ಅಂದ್ರು. ಬ್ಯಾಂಡಿನವರು ಊದಿ ಊದಿ ಸುಸ್ತಾದ್ರು. ಅಕ್ಷತಾ ಹಾಕೋ ಯಾಳೆ ಮೀರಲಿಕತ್ತಿತು. ಯಾರೋ ಓಡಿ ಬಂದು ಊಟಕ್ಕ ಕುಂತ ನನ್ನನ್ನ ಎಬ್ಬಿಸಿಕೊಂಡು ಹೋದ್ರು.

ನಾ ಹೋಗಿ ಬಗ್ಗಿದ ಜಾಗಾದಾಗ ನಿಂತು ಅಂದೆ, "ನೋಡ್ರಿ, ಆ ಕಡಿ ಪೂಲು ಇಲ್ಲಿಗೆ ಮುಗೀತದ, ಈ ಕಡಿ ಪೂಲು ಇಲ್ಲಿಂದ ಸುರು. ಅದಕ್ಕಂತ್ಲೇ ನಾ ಬಗ್ಗಿಸೀನಿ. ಸೀಮಿ ಇದೇ."

ಎರಡೂ ಕಡಿಯವರು ಅಲ್ಲಿಗೆ ಬಂದ್ರು, ಆ ಕಟ್ಟಿ ಮ್ಯಾಲ ಅವರು, ಈ ಕಟ್ಟಿ ಮ್ಯಾಲ ಇವರು ಕುಂತ್ರು, ಬೆಲ್ಲ ನೀರು ಕುಡದ್ರು, ಒಬ್ಬರನ್ನೊಬ್ಬರು ಅಪ್ಪಿಕೊಂಡ್ರು. ನನಗ ಜೀವ ಬಂದಂಗಾತು. ಹೋಗೋ ಮುಂದ ಗಂಡಿನ ಕಾಕಾ ನನ್ನ ಹೆಗಲ ಮ್ಯಾಲ ಕೈ ಹಾಕಿ ಅಂದ್ರು, "ಶಾಣ್ಯಾ ಇದ್ದಿ ಬಿಡಪಾ. ಇಷ್ಟು ದಿನ ನೀ ತಪ್ಪಿ ಕಟ್ಟೀದಿ ಅಂತ ತಿಳಕೊಂಡಿದ್ದೆವು. ಜಗಳ ಬರ್ತದಂತ ಮೊದಲೇ ಗೊತ್ತಿದ್ದು ಕಟ್ಟೀದಿ!"

ಅವ್ವನ ಸಾಕ್ಷಿ

ನಮ್ಮವ್ವ ಮಡಿ ಹೆಂಗಸು. ಏಕಾದಶಿ, ದ್ವಾದಶಿ ಒಂದೂ ತಪ್ಪಸಾಕಿಯಲ್ಲ. ಸಂಜೀಕ ಗುಡಿಗೆ ಹೋಗಿ ಬರೋ ಮುಂದ ಪೂಲಿನ ಕಟ್ಟಿ ಮ್ಯಾಲ ಹೆಣ್ಮಕ್ಕಳ ಸಂಗಡ ಕೂಡತಿದ್ಳು. ಆ ಕಟ್ಟಿ ಮ್ಯಾಲಿನ ಮಾತು ಪೂಲಿಂದೇ ಇರ್ತಿತ್ತು.

ಒಂದಿನ ಮನಿಗೆ ಬಂದಾಕಿ ಮಾರಿ ಸಣ್ಣದು ಮಾಡ್ಕೊಂಡು ಕುಂತ್ಳು. ಏನಾತಂತ ಕೇಳಿದೆ.

"ಮಂದಿ ಭಾಳ ಬೈದ್ರೋ ನಿನಗ. ಡೊಂಕ ಕಟ್ಯಾನ, ಕಣ್ಣು ಕಾಣಂಗಿಲ್ಲೇನು, ಯಾವ ಸಾಲ್ಯಾಗ ಕಲ್ತಾನ, ಹಿಂಗ."

"ನೀ ಏನಂದಿ?"

"ನಾನೂ ಹೂಂ ಅಂದೆ. ಎದುರು ಮಾತಾಡಿದ್ರ ನಾಳಿ ಕಟ್ಟಿ ಮ್ಯಾಲ ಜಾಗಾ ಕೊಡಂಗಿಲ್ಲ."

"ಅಷ್ಟೇ ಏನು?"

ಅವ್ವ ಸೆರಗು ಸರಿ ಮಾಡ್ಕೊಂಡು ಅತ್ತಾಗ ನೋಡಿದ್ಳು. "ಒಬ್ಬಾಕಿ ಕೇಳಿದ್ಳು, ಯಾವ ತಾಯಿ ಹಡದಾಳ ಇಂಥವನ್ನ ಅಂತ."

"ಮತ್ತ?"

"ಯಾವಾಕಿ ಹಡದಾಳೋ ಏನೋ, ನನಗಂತೂ ಗೊತ್ತಿಲ್ಲವ್ವಾ ಅಂತ ಹೇಳಿ ಎದ್ದು ಬಂದೆ."

ಕ್ಯಾಮೆರಾ ಬಂತು

ಹೈದರಾಬಾದದ ಕಾಲೇಜಿನಾಗ ಕಟ್ಟಡದ ನಕ್ಷೆ ಮಾಡೋದು ಕಲಿಯೋ ಹುಡುಗ ಹುಡುಗೇರು ಒಂದಿಷ್ಟು ಮಂದಿ ವಾಡಿ ಜಂಕ್ಷನ್ನಿನಾಗ ರೈಲು ಇಳದು ನಮ್ಮ ಪೂಲು ನೋಡಲಿಕ್ಕ ಬಂದ್ರು. ನನಗ ಎದಿ ಉಬ್ಬಿತು. ಅವರು ಮ್ಯಾಲಿಂದ, ತೆಳಗಿಂದ, ಕಂಬಕ್ಕ ಕಣ್ಣು ಹಚ್ಚಿ, ಅಂಗಾತ ಮಲಗಿ ಫೋಟೋ ಹೊಡದ್ರು. ಒಬ್ಬ ಹುಡುಗಿ ಮಾಸ್ತರ್ರಿಗೆ ಹಿಂದಿಯೊಳಗ ಕೇಳಿದ್ಳು, "ಈ ಪೂಲು ನೋಡಿದ್ರ ನಿಮ್ಮ ಮನಸ್ಸಿನಾಗ ಏನು ಮೂಡ್ತದ್ರಿ?"

"ಈ ಇಂಜಿನೇರನ ಮಾರಿ ಮೂಡ್ತದ, ಬಿ.ಪಿ. ಏರ್ತದ" ಅಂದ್ರು ಮಾಸ್ತರ್ರು.

ಹುಡುಗರು ಹ್ವಾದ್ರು, ತ್ರಾಸು ಸುರು ಆತು. ನಮ್ಮ ಕಡಿ ಕ್ಯಾಮೆರಾ ಬರೋದು ಮದವಿಗೆ, ಇಲ್ಲಾ ಪೊಲೀಸರ ಪಂಚನಾಮೆಗೆ. ಅವತ್ತು ಮದವಿ ಅಂತೂ ಇದ್ದಿಲ್ಲ. ಕಂಬದ ಬುಡಕ್ಕ ಮಲಗಿ ಫೋಟೋ ತಗದಾರಂದ್ರ ಕಂಬ ಬಿರುಕು ಬಿಟ್ಟಿರಬೇಕು, ಅಂತ ಊರೇ ತೀರ್ಮಾನ ಮಾಡ್ತು. ಮರುದಿನ ಪೂಲಿನ ಮ್ಯಾಲ ಒಂದು ನಾಯಿ ಸೈತ ಇಲ್ಲ. ಎಲ್ಲಾರೂ ಹಳೇ ಸುತ್ತಿನ ಹಾದಿ ಹಿಡದ್ರು.

ಪೂಲು ಗಟ್ಟಿ ಅದ ಅಂತ ತೋರಸಲಿಕ್ಕ ನಟ್ಟ ನಡುವ ನಿಂತು, ಎಲ್ಲಾರೂ ನೋಡೂವಂಗ ಜೋರಾಗಿ ಎಗರಿ ಎಗರಿ ತೋರಿಸಿದೆ. ದಂಡಿಗೆ ನಿಂತಾಂವ ಒಬ್ಬ ಬಾಜೂಕಿನಾಂವಗ ಹೇಳೋದು ಕೇಳಿಸ್ತು:

"ನೋಡು, ಕಟ್ಟಿದಾಂವನೇ ಎಗರಿ ಪರೀಕ್ಷೆ ಮಾಡ್ಲಿಕತ್ತಾನ. ಅಂವಗೂ ಸಂಶಯ ಬಂದದ."

ಸಾಹೇಬ್ರು ಬಂದ ದಿನ

ಕಂಪ್ಲೇಂಟು ಕಲಬುರ್ಗಿ ತನಕ ಹೋತು. ದೊಡ್ಡ ಸಾಹೇಬ್ರು ಜೀಪು ಹಾಕ್ಕೊಂಡು ಬಂದ್ರು. ಮನಿ ಬಿಡೋ ಮುಂದ ಹೆಂಡತಿ, "ಟ್ರಂಕು ಅಟ್ಟದ ಮ್ಯಾಲಿಂದ ಇಳಸಲೇನು?" ಅಂತ ಕೇಳಿದ್ಳು. ನಾ ಚಪ್ಪಲಿ ಮೆಟ್ಟಿಕೊಂಡು ಹೊರಗ ಬಿದ್ದೆ.

ಸಾಹೇಬ್ರ ಸಂಗಡ ಬಂದವರು ಕಂಬಕ್ಕ ಸುತ್ತಿಗಿ ಹೊಡದು ನೋಡಿದ್ರು. ಎಲ್ಲೂ ಬಿರುಕಿದ್ದಿಲ್ಲ. ಸಾಹೇಬ್ರೇ ಪೂಲಿನ ಮ್ಯಾಲ ನಿಂತಾರ ಅಂದಮ್ಯಾಲ ಬೀಳಂಗಿಲ್ಲಂತ ಧೈರ್ಯ ಬಂದು ಊರೆಲ್ಲಾ ಏರಿ ಬಂತು. ಕಟ್ಟಿ ಎರಡೂ ತುಂಬಿದವು.

ಸಾಹೇಬ್ರು ಕೇಳಿದ್ರು, "ಗಟ್ಟಿ ಅಂತೂ ಅದ. ಆದ್ರ ಈ ಡೊಂಕ ನಿಮಗ ಬೇಕೋ, ಬ್ಯಾಡೋ? ಖರೇ ಹೇಳ್ರಿ."

"ಬ್ಯಾಡ್ರಿ! ಕೆಡವ್ರಿ!" ಊರೆಲ್ಲಾ ಒಂದೇ ದನಿ. ಚಿಂಚೋಳಿ ಬಸ್ಸು ಕಣ್ಣ ಮುಂದ ಬಂದು ನಿಂತಂಗಾತು.

"ಆತು. ನಾಳಿಂದನೇ ಕೆಡವಸ್ತೀನಿ" ಅಂದ್ರು ಸಾಹೇಬ್ರು.

ಕೂಡಲೇ ಕಾಯಿಪಲ್ಯಾ ಮಾರೋ ಒಬ್ಬಾಕಿ ಎದ್ದು ನಿಂತ್ಳು. "ನಾಳಿ ಹ್ಯಾಂಗ್ರಿ? ಶ್ರಾವಣ ನಡದದ. ಸೋಮವಾರ ಗುಡಿಗೆ ಹೋಗಬೇಕು. ಶ್ರಾವಣ ಮುಗೀಲಿ."

ದರ್ಗಾದ ಹಿರಿಯರು ಗಡ್ಡ ನೀವಿಕೊಂಡ್ರು. "ಶ್ರಾವಣ ಮುಗದ್ರ ನಮ್ಮ ಉರುಸು ಬರ್ತದ್ರಿ. ಸಂದಲ್ ಮೆರವಣಿಗಿ ಇದರ ಮ್ಯಾಲೇ ಹೋಗಬೇಕು. ಅದೊಂದು ಆಗ್ಲಿ."

"ಉರುಸು ಆದ್ರ ದೀಪಾವಳಿ ಯಾಪಾರ" ಅಂದ ಪಾನ್ ಅಂಗಡಿಯಾಂವ.

"ಆಮ್ಯಾಲ ಹುಡುಗರ ಪರೀಕ್ಷೆ."

"ಬ್ಯಾಸಗ್ಯಾಗ ಅಂತೂ ಬ್ಯಾಡೇ ಬ್ಯಾಡ್ರಿ, ಸಂಜೀ ಗಾಳಿಗೆ ಎಲ್ಲಿ ಕೂಡೂನು?"

"ಬ್ಯಾಸಗಿ ದಾಟಿದ್ರ ಮಳಿ. ಹಳ್ಳ ಬರ್ತದ, ಪೂಲು ಇಲ್ಲದೆ ಹ್ಯಾಂಗ?"

ಸಾಹೇಬ್ರು ಕನ್ನಡಕ ತಗದು ಒರಸಿಕೊಂಡ್ರು. "ಅಂದ್ರ ಯಾವಾಗ ಕೆಡವಲಿ?"

"ಅದು ನೀವೇ ನೋಡ್ರಿ ಸಾಹೇಬ್ರ. ಆದ್ರ ಕೆಡವೂದು ಮಾತ್ರ ಕೆಡವಲೇಬೇಕು" ಅಂತ ಎಲ್ಲಾರೂ ಗೋಣು ಹಾಕಿದ್ರು.

ಸಾಹೇಬ್ರಿಗೆ ನಗಿ ತಡೀಲಿಲ್ಲ. "ಪೂಲು ಇರ್ಲಿ ಬಿಡ್ರಿ. ಆದ್ರ ಇಷ್ಟು ಕಂಪ್ಲೇಂಟು ಬಂದಮ್ಯಾಲ ಇಂಜಿನೇರನ್ನ ಇಲ್ಲೇ ಇಟ್ಟುಕೊಳ್ಳಲಿಕ್ಕ ಬರಂಗಿಲ್ಲ. ಈತನ್ನ ಬ್ಯಾರೆ ಕಡಿ ಕಳಿಸ್ತೀನಿ" ಅಂದ್ರು.

ಪೂಲು ಉಳೀತು, ನಾ ಹ್ವಾದೆ ಅಂದುಕೊಂಡೆ. ಅಷ್ಟ್ರಾಗ ಮಾಸ್ತರ್ರು ಛತ್ರಿ ಊರಿ ಎದ್ರು. ಇನ್ನೇನು ಬೆಂಕಿಗೆ ಎಣ್ಣಿ ಹೊಯ್ತಾರೋ ಅಂತ ನಾ ಕಣ್ಣು ಮುಚ್ಚಿದೆ.

"ಸಾಹೇಬ್ರ, ಬರೇ ಪೂಲು ಇಟ್ಕೊಂಡು ನಾ ಏನ್ ಮಾಡ್ಲಿ? ಮನ್ಯಾಗ ಮಕ್ಕಳು ಸೊಸೇರು ನನ್ನ ಮಾತು ಕೇಳಂಗಿಲ್ಲ. ದಿನಾ ಮುಂಜಾನಿ ಇಲ್ಲಿ ಬಂದು ಬೈದ್ರೇನೇ ನನಗ ತಿಂದದ್ದು ಅರಗತದ. ಪೂಲಿಗೆ ಎಷ್ಟಂತ ಬೈಲಿ, ಅದು ತಿರುಗಿ ಮಾತಾಡಂಗಿಲ್ಲ. ಈ ಹುಡುಗ ಆದ್ರ ಕೈ ಕಟಗೊಂಡು ನಿಂತು ಪೂರಾ ಕೇಳ್ತಾನ. ಇಂಥವ ಮತ್ತ ಎಲ್ಲಿ ಸಿಗ್ತಾನ? ಪೂಲು ಇಡೋದಿದ್ರ ಇವನ ಸಮೇತ ಇಡ್ರಿ. ಇಲ್ಲಾಂದ್ರ ಎರಡೂ ತಗೊಂಡು ಹೋಗ್ರಿ."

ಮಂದಿ, "ಹೌದ್ರಿ, ಮಾಸ್ತರ್ರು ಅಂದದ್ದು ಬರೋಬ್ಬರಿ ಅದ" ಅಂದ್ರು. ಸಾಹೇಬ್ರು ನನ್ನ ಕಡಿ ನೋಡಿದ್ರು, ಮಾಸ್ತರ್ರ ಕಡಿ ನೋಡಿದ್ರು. "ಹಂಗಿದ್ರ ಇರ್ಲಿ ಮಾಸ್ತರ್ರ, ಬೈಕೋತ ಇರ್ರಿ" ಅಂತ ಹೇಳಿ ಜೀಪು ಹತ್ತಿದ್ರು. ಜೀಪಿನ ಧೂಳು ಕಾಣದಂಗಾದ ಮ್ಯಾಲನೇ ನಾ ಉಸಿರು ಬಿಟ್ಟೆ. ಟ್ರಂಕು ಅಟ್ಟದ ಮ್ಯಾಲೇ ಇರ್ಲಿ ಅಂತ ಮನಿಗೆ ಓಡಿ ಹೋಗಿ ಹೇಳಬೇಕನ್ನಿಸ್ತು. ಕಣ್ಣು ತುಂಬಿ ಬಂದು, ಮೊದಲು ಮಾಸ್ತರ್ರ ಕಾಲು ಹಿಡದೆ.

"ಕಾಲು ಬಿಡು" ಅಂದ್ರು ಅವರು, ಕಟ್ಟಿ ಮ್ಯಾಲ ಕೂಡಕೋತ. "ಸಾಹೇಬ್ರು ಬಂದ ಗದ್ದಲದಾಗ ಇವತ್ತು ಮುಂಜಾನಿ ಬೈಯೂದು ಹಂಗೇ ಉಳದದ. ಕುಂದುರು ಇಲ್ಲಿ."