ಉಕ್ಕಿನ ಹಕ್ಕಿಯ ಮೊದಲ ಕ್ಯಾಸೆಟ್

ಹಳೆಯ ಹಾಡುಗಳನ್ನು ಹೊಗಳುವವರ ಮಾತನ್ನು ಪೂರ್ತಿ ನಂಬಬಾರದು. ಅವರು ಹೊಗಳುವುದು ಬಹುಮಟ್ಟಿಗೆ ತಮ್ಮ ತಲೆಯ ಮೇಲೆ ಆಗ ಇದ್ದ ಕೂದಲನ್ನು. ಇದನ್ನು ಇಷ್ಟು ಧೈರ್ಯವಾಗಿ ಹೇಳುತ್ತಿರುವುದು ನಾನೂ ಆ ಪಂಗಡದವನೇ ಆದ್ದರಿಂದ. ಮಗಳು ಮೊಬೈಲಿನಲ್ಲಿ ಏನಾದರೂ ಹಾಕಿದರೆ ಸಾಕು, ಇದು ಹಾಡೋ ಮಿಕ್ಸಿಯೋ ಎಂದು ಕೇಳುತ್ತೇನೆ. ಹಾಗೆ ಕೇಳುವ ಹಕ್ಕು ನನಗಿದೆ ಎಂದು ಬಹುಕಾಲ ತಿಳಿದಿದ್ದೆ. ಈಗ ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿಕೊಂಡು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಹೇಳುವ ನಾನು, ಒಂದು ಕಾಲದಲ್ಲಿ ಭದ್ರಾವತಿಯ ರಾಕ್ ಬ್ಯಾಂಡೊಂದರಲ್ಲಿ ಡ್ರಮ್ಸ್ ಬಾರಿಸುತ್ತಿದ್ದೆ.

ಬ್ಯಾಂಡಿನ ಹೆಸರು 'ಉಕ್ಕಿನ ಹಕ್ಕಿ'. ಹೆಸರಿಟ್ಟವನು ನಮ್ಮ ಹಾಡುಗಾರ ಸೆಲ್ವ. ಊರಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಹಾಡಲು ನಿಂತರೆ ಯಾವ ಭಾಷೆಯೆಂದೇ ಗೊತ್ತಾಗದಷ್ಟು ಆವೇಶ. ಭಕ್ತಿಗೀತೆಗಳನ್ನೂ ಚುನಾವಣೆಯ ಪ್ರಚಾರವನ್ನೂ ಧ್ವನಿಮುದ್ರಿಸಿಕೊಡುತ್ತಿದ್ದ ಶಿವಮೊಗ್ಗದ ಪುಟ್ಟ ಸ್ಟುಡಿಯೋ ಒಂದರಲ್ಲಿ ನಮ್ಮ ಮೊದಲ ಕ್ಯಾಸೆಟ್ ತಯಾರಾಯಿತು. 'ಮೊದಲ ಕ್ಯಾಸೆಟ್' ಎಂದೇ ಊರೆಲ್ಲ ಹೇಳಿಕೊಂಡು ತಿರುಗಿದೆವು. ಎರಡನೆಯದು ಬರಲೇ ಇಲ್ಲ. ಅಂಗಡಿಯವರು ಹಕ್ಕಿಯ ಹೆಸರು ನೋಡಿ ಅದನ್ನು ಶಿಶುಗೀತೆಗಳ ಜೊತೆ ಜೋಡಿಸಿಟ್ಟಿದ್ದರಂತೆ. ಮಕ್ಕಳನ್ನು ಮಲಗಿಸಲೆಂದು ಕೊಂಡುಹೋದ ತಾಯಂದಿರು ಮರುದಿನವೇ ಅಂಗಡಿಗೆ ಜಗಳಕ್ಕೆ ಬಂದರೆಂದು ಆಮೇಲೆ ತಿಳಿಯಿತು.

ಈಚೆಗೆ ಹಬ್ಬದ ಮುಂಚೆ ಅಟ್ಟ ಗುಡಿಸುವಾಗ ನನ್ನ ಹೆಂಡತಿಗೆ ಆ ಕ್ಯಾಸೆಟ್ ಸಿಕ್ಕಿತು. ನನಗೆ ಸಂತೋಷಕ್ಕಿಂತ ಹೆಚ್ಚಾಗಿ ದಿಗಿಲಾಯಿತು. ಅದನ್ನು ಹಾಕಲು ನಮ್ಮಲ್ಲಿ ಟೇಪ್ ರೆಕಾರ್ಡರ್ ಉಳಿದಿಲ್ಲ; ನನಗೆ ಗೊತ್ತಿದ್ದಂತೆ ಅದು ಇರುವುದು ಸೆಲ್ವನ ಹಳೆಯ ವ್ಯಾನಿನಲ್ಲಿ ಮಾತ್ರ. ಅವನು ಅದರಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದ. ಹೋದ ವರ್ಷ ಅವನ ಗಂಟಲಿನಲ್ಲಿ ಗಡ್ಡೆಯಾಗಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವನ ಮಾತೆಂದರೆ ಬರೀ ಉಸಿರು. ಹತ್ತಿರ ಕಿವಿಯಿಟ್ಟರೆ ಮಾತ್ರ ಕೇಳಿಸುತ್ತದೆ. ಅಂಥವನ ಮುಂದೆ ಅವನ ಹಾಡನ್ನೇ ಹಾಕುವುದು ಹೇಗೆ ಎಂದು ನಾನು ಕ್ಯಾಸೆಟ್ಟನ್ನು ಮೇಜಿನ ಮೇಲಿಂದ ಬೀರುವಿಗೆ, ಬೀರುವಿನಿಂದ ಮೇಜಿಗೆ ಸಾಗಿಸುತ್ತ ಕಾಲ ಕಳೆದೆ. ಕೊನೆಗೆ ಹೆಂಡತಿಯೇ ಹೇಳಿದಳು: "ಅವರ ದನಿ ಹೋಗಿದೆ, ಕಿವಿ ಹೋಗಿಲ್ವಲ್ಲ. ತಗೊಂಡು ಹೋಗಿ."

ಭಾನುವಾರ ಮಧ್ಯಾಹ್ನ ಭದ್ರಾವತಿಗೆ ಹೋದೆ. ಸೆಲ್ವ ಕ್ಯಾಸೆಟ್ಟನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿದ, ಅಂಗಿಗೆ ಒರೆಸಿದ, ಹೊರಗೆ ನಡೆದ. ಮನೆಯ ಮುಂದೆ ನಿಂತಿದ್ದ ವ್ಯಾನಿನಲ್ಲಿ ನಾವಿಬ್ಬರೂ ಕುಳಿತೆವು. ಮೊದಲ ಹಾಡು ಶುರುವಾಯಿತು. ನಾನು ಇಷ್ಟು ವರ್ಷ ಮಗಳ ಮುಂದೆ ಹೊಗಳುತ್ತ ಬಂದ ಸಂಗೀತ, ಪಾತ್ರೆ ಅಂಗಡಿಗೆ ಗೂಳಿ ನುಗ್ಗಿದಂತಿತ್ತು. ಆ ಗೂಳಿ ಬಹುಪಾಲು ನಾನೇ. ಅದರ ಮೇಲೆ ಸೆಲ್ವನ ಕೂಗು. ಓರೆಗಣ್ಣಿನಲ್ಲಿ ನೋಡಿದರೆ ಅವನ ಭುಜಗಳು ಅದುರುತ್ತಿದ್ದವು. ಅಳುತ್ತಿದ್ದಾನೆಂದು ನಾನು ನಿಲ್ಲಿಸಲು ಕೈ ಚಾಚಿದೆ. ಅವನು ಕೈ ಹಿಡಿದು ನನ್ನನ್ನು ಹತ್ತಿರಕ್ಕೆಳೆದ. ಅವನು ನಗುತ್ತಿದ್ದ.

"ಇಷ್ಟು ಕೆಟ್ಟದಾಗಿ ಹಾಡ್ತಿದ್ನೇನೋ ನಾನು?" ಎಂದು ಉಸಿರಿದ. "ಸುಮ್ನೆ ದುಃಖಪಟ್ಟೆ ಮಾರಾಯ."

ನಾನೂ ನಕ್ಕೆ. ಆ ಹೊತ್ತಿಗೆ ಹಾಡು ಮುಗಿಯಿತು. ಸ್ಟುಡಿಯೋದವರು ಕತ್ತರಿಸಲು ಮರೆತಿದ್ದ ಒಂದು ತುಣುಕು ಅಲ್ಲಿತ್ತು. ಕೂಗಾಟವಿಲ್ಲ, ಗಿಟಾರಿಲ್ಲ, ಸೆಲ್ವ ಸುಮ್ಮನೆ ಮಾತಾಡುತ್ತಿದ್ದ, ನನ್ನ ಜೊತೆ. "ಏ ಮಾರಾಯ, ಈ ಸಲನಾದ್ರೂ ತಾಳ ತಪ್ಪಬೇಡ. ನಮಗೂ ಮನೆಗೆ ಹೋಗಿ ಊಟ ಮಾಡ್ಬೇಕು." ಆಮೇಲೆ ಒಂದು ನಗು.

ಕಾಫಿ ತಂದಿದ್ದ ಅವನ ಹೆಂಡತಿ ಶಾಂತಿ ವ್ಯಾನಿನ ಬಾಗಿಲಲ್ಲೇ ನಿಂತುಬಿಟ್ಟಳು. ಮುಂದಿನ ಹಾಡು ಆಗಲೇ ಗುಡುಗತೊಡಗಿತ್ತು.

"ಅಣ್ಣ, ಹಾಡು ಬೇಡ," ಎಂದಳು. "ಆ ಮಾತು ಇನ್ನೊಂದ್ಸಲ ಹಾಕಿ."

ಮೊಬೈಲಿನ ತುಂಬ ಅವನ ಫೋಟೋಗಳಿವೆಯಂತೆ. ಆದರೆ ಅವನು ಬರೀ ಮಾತಾಡುವುದನ್ನು ಹಿಡಿದಿಡಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ದಿನಾ ಕೇಳುವುದನ್ನು ಯಾರು ರೆಕಾರ್ಡ್ ಮಾಡುತ್ತಾರೆ? "ಗೇಟಿನ ಹತ್ರ ನಿಂತು ನನ್ನ ಕರೀತಿದ್ದಿದ್ದು ಇದೇ ದನೀಲಿ," ಎಂದಳು. "ಮರೆತು ಹೋಗುತ್ತೇನೋ ಅಂತ ಭಯ ಆಗ್ತಿತ್ತು."

ಸೆಲ್ವ ತಾನೇ ರಿವೈಂಡ್ ಒತ್ತಿದ. ಶಾಂತಿ ಹಿಂದಿನ ಸೀಟಿನಲ್ಲಿ, ಮಕ್ಕಳು ಕೂರುವ ಜಾಗದಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡಳು. ತಾಳ ತಪ್ಪಬೇಡ ಎಂದ ಟೇಪಿನ ಸೆಲ್ವ. ಮತ್ತೆ ಹಿಂದಕ್ಕೆ. ತಾಳ ತಪ್ಪಬೇಡ. ಕಾಫಿ ಆರಿಹೋಯಿತು. ಒಬ್ಬರ ಬಾಯಿಂದ ಬೈಸಿಕೊಳ್ಳುತ್ತಾ, ಇನ್ನೊಮ್ಮೆ ಬೈಯಲಿ ಎಂದು ನಾನು ಹಾರೈಸಿದ್ದು ಅದೇ ಮೊದಲು.

ನಾವು ಹತ್ತಿದ ಯಾವ ವೇದಿಕೆಯ ಮುಂದೆಯೂ ಯಾರೂ 'ಒನ್ಸ್ ಮೋರ್' ಎಂದಿರಲಿಲ್ಲ. ಆ ಭಾಗ್ಯ ಕೊನೆಗೂ ನಮ್ಮ ಬ್ಯಾಂಡಿಗೆ ಬಂತು. ಬಂದದ್ದು, ಇಡೀ ಕ್ಯಾಸೆಟ್ಟಿನಲ್ಲಿ ನಾನು ಡ್ರಮ್ಸ್ ಬಾರಿಸದೆ ಸುಮ್ಮನಿದ್ದ ಅಷ್ಟೇ ಅಷ್ಟು ಜಾಗಕ್ಕೆ.