ನೂರನೆಯ ದೇಶವೂ ಕಟ್ಟಿದ ಗಂಟಲೂ

"ಪ್ರಪಂಚದ ಯಾವ ಮೂಲೆಯ ಸೋಮಾರಿಯೂ ಇನ್ನು ನನ್ನ ಕಣ್ಣು ತಪ್ಪಿಸಲಾರ!"

೨೦೦೬ರ ಮಾರ್ಚ್‌ನಲ್ಲಿ, ಶಿರಸಿಯ ನಮ್ಮ ಬಾಡಿಗೆ ಮನೆಯಲ್ಲಿ ನಿಂತು ನಾನು ಹೀಗೆ ಘೋಷಿಸಿದೆ. ಕೇಳಿಸಿಕೊಂಡವಳು ಹೆಂಡತಿ ವೇದಾ ಒಬ್ಬಳೇ. ಅವಳೂ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದವನು. ಮಹಡಿಯ ಮೇಲೆ ತಂತಿ ಕಟ್ಟಿ, ಮೈಕ್ ಹಿಡಿದು, ಮುಖ ಕಾಣದ ಪರದೇಶಿಗಳಿಗೆ 'ನಿಮ್ಮ ದನಿ ಚೆನ್ನಾಗಿ ಕೇಳುತ್ತಿದೆ' ಎನ್ನುವುದೇ ನಮ್ಮ ಪರಾಕ್ರಮ. ಯಾರೊಡನೆ, ಎಂದು, ಎಷ್ಟು ಗಂಟೆಗೆ ಮಾತಾಡಿದೆವೆಂದು ಲಾಗ್ ಬರೆದು, ಇಬ್ಬರೂ ಅದನ್ನು ಇಂಟರ್‌ನೆಟ್ಟಿಗೆ ಏರಿಸಬೇಕು. ಎರಡೂ ತಾಳೆಯಾದರೆ ಆ ದೇಶ ಗೆದ್ದಂತೆ. ನೂರು ದೇಶ ಗೆದ್ದವನಿಗೆ ಪ್ರಶಸ್ತಿಪತ್ರ! ನನಗೆ ತೊಂಬತ್ತೊಂಬತ್ತಾಗಿತ್ತು. ನೂರನೆಯದು ಪೆಸಿಫಿಕ್‌ನ ಒಂದು ದ್ವೀಪ. ಮಾತೇನೋ ಆಗಿತ್ತು, ಆದರೆ ಆ ಪುಣ್ಯಾತ್ಮ ಲಾಗ್ ಏರಿಸಿರಲಿಲ್ಲ.

ಇಂಥವರನ್ನು ಹಿಡಿಯಲೆಂದೇ ಹೊಸ ಸಾಫ್ಟ್‌ವೇರ್ ಬಂದಿತ್ತು. ಒಬ್ಬನ ಕಾಲ್‌ಸೈನ್, ಅಂದರೆ ರೇಡಿಯೊ ಹೆಸರು, ಹೊಡೆದರೆ ಸಾಕು. ಕಡೆಯ ಸಲ ಲಾಗ್ ಏರಿಸಿದ್ದು ಯಾವಾಗ, ಯಾವ ದಿನ ಎಷ್ಟರಿಂದ ಎಷ್ಟರವರೆಗೆ ಎಷ್ಟು ಜನರೊಡನೆ ಮಾತಾಡಿದ, ಎಲ್ಲ ಜಾತಕವೂ ಬಂದು ಬೀಳುತ್ತದೆ!

ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ವೇದಾಳ ಜೆರಾಕ್ಸ್ ಅಂಗಡಿಯಲ್ಲಿತ್ತು. ಹಾಗಾಗಿ ಎರಡು ಸಂಜೆ ಕೂತು ಅವಳಿಗೆ ಪಾಠ ಮಾಡಿದೆ.

"ಇದ್ರಲ್ಲಿ ಬಪ್ಪದು ಲಂಡನ್ ಟೈಮು. ಐದೂವರೆ ತಾಸು ಕೂಡಿಸಿದ್ರೆ ನಮ್ದು."

"ಇದು ಹೇಳೋದೆಲ್ಲ ಖರೆಯಾ?"

"ನಿಮಿಷ ಸಮೇತ ಖರೆ! ಯಾರಿಗೂ ಸುಳ್ಳು ಹೇಳೂಲೆ ಬತ್ತಿಲ್ಲೆ!"

ನನ್ನದೂ ಒಂದು ಕಾಲ್‌ಸೈನ್ ಎಂಬುದು ಆ ಹೊತ್ತಿಗೆ ಈ ಮಹಾಪಂಡಿತನಿಗೆ ಹೊಳೆಯಲಿಲ್ಲ.

ಎಂಟು ದಿನ "ಇವತ್ತೂ ಇಲ್ಲೆ" ಎನ್ನುತ್ತ ಬಂದ ವೇದಾ ಒಂಬತ್ತನೆಯ ದಿನ ಚೀಲ ಇಡುತ್ತ ಹೇಳಿದಳು, "ದ್ವೀಪದವ ಏರಿಸಿದ್ದ."

ನಾನು ಕುಣಿದೇಬಿಟ್ಟೆ! ನೂರು!

"ಫೆಬ್ರುವರಿ ಹನ್ನೆರಡು, ಆದಿತ್ಯವಾರ ಅಲ್ದಾ?"

"ಹೌದು, ಹೌದು!"

"ಖಾತ್ರಿ ಆಗ್ಲಿ ಹೇಳಿ ನಿಂಗಳ ಕಾಲ್‌ಸೈನೂ ಹೊಡೆದು ನೋಡಿದ್ದಿ ಆನು."

ಕುಣಿತ ಅಲ್ಲಿಗೇ ನಿಂತಿತು. ಆ ಆದಿತ್ಯವಾರ ಕೋಲಸಿರ್ಸಿಯಲ್ಲಿ ಅವಳ ಅಣ್ಣ ಶಶಾಂಕನ ಹೊಸ ಮನೆಯ ಗೃಹಪ್ರವೇಶ. ದ್ವೀಪದವ ರೇಡಿಯೊದಲ್ಲಿ ಸಿಗುವುದೂ ಅದೊಂದೇ ದಿನ! ಬೆಳಿಗ್ಗೆ ಎದ್ದವನೇ ಗಂಟಲು ಕಟ್ಟಿತೆಂದು ನಾಟಕ ಹೂಡಿದ್ದೆ. ದನಿಯೇ ಹೊರಡದವನಂತೆ 'ನೀನು ಹೋಗಿ ಬಾ' ಎಂದು ಚೀಟಿಯಲ್ಲಿ ಬರೆದು ತೋರಿಸಿದ್ದೆ. ಅವಳು ಥರ್ಮಾಸಿಗೆ ಕಾಳುಮೆಣಸಿನ ಕಷಾಯ ತುಂಬಿಟ್ಟು ಒಬ್ಬಳೇ ಬಸ್ಸು ಹತ್ತಿದ್ದಳು.

"ಬೆಳಿಗ್ಗಿಂದ ನಲವತ್ತಮೂರು ಜನ," ಎಂದಳು ವೇದಾ.

"ಅದು... ಲಂಡನ್ ಟೈಮು ಮಾರಾಯ್ತಿ!"

"ಐದೂವರೆ ತಾಸು ಕೂಡಿಸಿದ್ದಿ ಆನು. ಬೆಳಿಗ್ಗೆ ಹತ್ತೂಕಾಲಿಂದ ಮಧ್ಯಾಹ್ನ ಮೂರೂವರೆವರೆಗೆ. ದ್ವೀಪದ್ದು ಹನ್ನೆರಡೂ ಮುಕ್ಕಾಲು. ಆವಾಗ ಅಣ್ಣನ ಮನೆಲಿ ಊಟಕ್ಕೆ ಎಲೆ ಹಾಕ್ತಾ ಇದ್ದಿದ್ದ. 'ಪಾಪ, ನಮ್ಮನೆಯವಕ್ಕೆ ದನಿಯೇ ಹೊರಡ್ತಿಲ್ಲೆ' ಹೇಳಿ ಆನು ಎಲ್ಲರ ಹತ್ರ ಹೇಳ್ತಾ ಇದ್ದಿದ್ದಿ."

ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ, ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ನನಗೆ ಆ ಕಷಾಯ ನೆನಪಾಗಿ ನಿಜಕ್ಕೂ ನಾಚಿಕೆಯಾಯಿತು. ಅದನ್ನು ನಾನು ಬಚ್ಚಲಿಗೆ ಚೆಲ್ಲಿದ್ದೆ.

ಜೂನ್‌ನಲ್ಲಿ ಪ್ರಶಸ್ತಿಪತ್ರ ಬಂತು. ಅಷ್ಟರಲ್ಲಿ ಎಲ್ಲ ಮರೆತಿರಬಹುದೆಂಬ ಧೈರ್ಯದಿಂದ, "ಲ್ಯಾಮಿನೇಶನ್ ಮಾಡ್ಕಂಡು ಬತ್ಯಾ?" ಎಂದು ಅವಳ ಕೈಗೆ ಕೊಟ್ಟೆ. ಸಂಜೆ ಎರಡು ತಂದಳು! ಒಂದು ನನ್ನ ಪ್ರಶಸ್ತಿಪತ್ರ. ಇನ್ನೊಂದು ಆ ಸಾಫ್ಟ್‌ವೇರಿನ ಪ್ರಿಂಟು. ನನ್ನ ಕಾಲ್‌ಸೈನ್, ಫೆಬ್ರುವರಿ ಹನ್ನೆರಡು, ನಲವತ್ತಮೂರು ಜನ. ಪಕ್ಕದಲ್ಲಿ ನಮ್ಮ ಸಮಯವನ್ನೂ ಲೆಕ್ಕ ಹಾಕಿ ಕೆಂಪು ಶಾಯಿಯಲ್ಲಿ ಬರೆದಿದ್ದಳು. ನೀರು ಬಿದ್ದರೂ ಅಳಿಸದಂತೆ ಪ್ಲಾಸ್ಟಿಕ್ ಹೊದೆಸಿ ಆಗಿತ್ತು.

"ಇದು ಎಂತಕ್ಕೆ?"

"ಅಣ್ಣನ ಮನೆ ಗೋಡೆಗೆ. ಗೃಹಪ್ರವೇಶದ ಉಡುಗೊರೆ ಬಾಕಿ ಇದ್ದು ಅಲ್ದಾ? ನಾಳೆ ಹೋಪನ. ನಿಂಗಳ ಕೈಯಾರೆ ಕೊಡಿ. ಆ ದಿನ ಎಂತಕ್ಕೆ ಬಂಜಿಲ್ಲೆ ಹೇಳದನ್ನೂ ನಿಂಗಳೇ ಹೇಳಿ."

ಉತ್ತರ ಕೊಡಲು ಬಾಯಿ ತೆರೆದೆ. ದನಿಯೇ ಹೊರಡಲಿಲ್ಲ. ಈ ಸಲ ಖರೇ!

ವೇದಾ ಚೀಟಿ, ಪೆನ್ನು ತಂದು ಮುಂದಿಟ್ಟಳು.

"ಬರ್ದು ಕೊಡಿ."